ಬ್ಲಾಕ್ ಮಾಡುವ ಕೋಡು: ಬರೆದವರ ಪಾಲೆಷ್ಟು?

ಉಪ್ಪಳ, ಕುಂಬಳೆ, ಮೊಗ್ರಾಲ್ ಕಡೆ ಗಲ್ಫಿನಲ್ಲಿ ಒಬ್ಬರೂ ಇಲ್ಲದ ಮನೆ ಹುಡುಕುವುದು ಕಷ್ಟ. ಹಾಗಾಗಿ ಇಂಟರ್ನೆಟ್‌ನಲ್ಲಿ ತಡೆ ಅಂದರೆ ಏನು ಅಂತ ಕಾಸರಗೋಡಿನವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ದುಬೈಯಿಂದ ಮಗ ವಾಟ್ಸಾಪ್ ಕಾಲ್ ಮಾಡಿದರೆ ಇಲ್ಲಿ ರಿಂಗ್ ಆಗುತ್ತದೆ. ಎತ್ತಿದರೆ ಎಷ್ಟೋ ಸಲ ‘ಕನೆಕ್ಟಿಂಗ್’ ಅಂತ ತೋರಿಸುತ್ತಲೇ ಇರುತ್ತದೆ, ದನಿ ಬರುವುದಿಲ್ಲ. ಯುಎಇಯಲ್ಲಿ ಲೈಸೆನ್ಸ್ ಇಲ್ಲದ ಇಂಟರ್ನೆಟ್ ಕರೆಗೆ ಅವಕಾಶ ಇಲ್ಲ. ಅದಕ್ಕೇ ನಮ್ಮ ಕಡೆ ಅಜ್ಜಿಯಂದಿರ ಫೋನಿನಲ್ಲೂ ಬೋಟಿಮ್ ಅನ್ನುವ, ಅಲ್ಲಿ ಲೈಸೆನ್ಸ್ ಇರುವ ಕರೆಯ ಆ್ಯಪ್ ಇರುವುದು. ಅದೇ ದುಬೈಯಲ್ಲಿ ತಡೆದ ವೆಬ್‌ಸೈಟ್ ಒಂದನ್ನು ತೆರೆದು ನೋಡಿ. ಪರದೆ ತುಂಬ ನೋಟಿಸ್ ಬರುತ್ತದೆ: ಈ ಸೈಟ್ ಈ ದೇಶದಲ್ಲಿ ಸಿಗುವುದಿಲ್ಲ.

ಎರಡೂ ತಡೆಯೇ. ಒಂದು ಬಾಯಿಬಿಟ್ಟು ಹೇಳುತ್ತದೆ, ಇನ್ನೊಂದು ಹೇಳುವುದಿಲ್ಲ. ಉಪ್ಪಳದಲ್ಲಿ ಫೋನ್ ಹಿಡಿದ ಅಮ್ಮ ‘ರೇಂಜ್ ಇಲ್ಲ’ ಅಂದುಕೊಂಡು ಅಂಗಳಕ್ಕೆ ಬಂದು ನಿಲ್ಲುತ್ತಾರೆ. ರೇಂಜ್ ಸರಿಯಾಗಿಯೇ ಇರುತ್ತದೆ. ಆಚೆ ಕಡೆಯ ಟೆಲಿಕಾಂ ಕಂಪನಿಯ ಯಂತ್ರವೊಂದು ಕರೆಯ ಪ್ಯಾಕೆಟ್‌ಗಳನ್ನು, ಅಂದರೆ ದನಿ ಹೊತ್ತು ಹೋಗುವ ಡೇಟಾ ತುಣುಕುಗಳನ್ನು, ಗುರುತು ಹಿಡಿದು ಬೀಳಿಸುತ್ತಿರುತ್ತದೆ, ಅಷ್ಟೆ. ತಡೆಯಬೇಕು ಅಂತ ತೀರ್ಮಾನಿಸಿದ್ದು ಅಲ್ಲಿನ ಸರ್ಕಾರ. ತಡೆದದ್ದು ಹೇಗೆ ಕಾಣಬೇಕು ಅನ್ನುವುದು ಮಾತ್ರ ಇಂಥ ಕೆಲಸಗಳಲ್ಲಿ ಎಷ್ಟೋ ಸಲ ಎಂಜಿನಿಯರ್‌ಗಳ ಮೇಜಿನ ಮೇಲೇ ತೀರ್ಮಾನ ಆಗಿಬಿಡುತ್ತದೆ.

ಅಂಥ ಮೇಜಿನ ಹಿಂದೆ ನಮ್ಮವರೇ ಕೂತಿದ್ದಾರೆ. ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿನಲ್ಲೋ ಮಂಗಳೂರಿನಲ್ಲೋ ಓದಿ, ಬೆಂಗಳೂರು, ಕೊಚ್ಚಿಯ ಕಂಪನಿಗಳಿಗೆ ದುಡಿಯುವ ಮಕ್ಕಳು ಬದಿಯಡ್ಕ, ಪೆರ್ಲ, ಮುಳ್ಳೇರಿಯಾದ ಮನೆಗಳಲ್ಲೂ ಇದ್ದಾರೆ. ಕೆಲವರು ಅಡಿಕೆ ತೋಟದ ನಡುವೆ ಫೈಬರ್ ಎಳೆಸಿಕೊಂಡು ಮನೆಯಿಂದಲೇ ಕೆಲಸ ಮಾಡುತ್ತಾರೆ. ಒಂದು ದಿನ ಕಂಪನಿ ‘ಇಂಥದ್ದನ್ನು ಜನ ನೋಡದ ಹಾಗೆ ಮಾಡುವ ಫೀಚರ್ ಕಟ್ಟಿಕೊಡು’ ಅಂದರೆ ಅವರ ಜವಾಬ್ದಾರಿ ಎಷ್ಟು?

ಮೊದಲು ಕಾನೂನು ಎಲ್ಲಿ ನಿಂತಿದೆ ನೋಡೋಣ. 2000ದ ಐಟಿ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ಮಾಡಿ 69ಎ ಸೆಕ್ಷನ್ ಸೇರಿಸಿದರು. ದೇಶದ ಭದ್ರತೆ, ವಿದೇಶಗಳ ಜೊತೆಗಿನ ಸಂಬಂಧ, ಸಾರ್ವಜನಿಕ ಶಾಂತಿ ಇಂಥ ಕೆಲವು ಕಾರಣಗಳಿಗೆ ಕೇಂದ್ರ ಸರ್ಕಾರ ಇಂಟರ್ನೆಟ್‌ನಲ್ಲಿ ಇರುವುದನ್ನು ತಡೆಯಲು ಆದೇಶ ಕೊಡಬಹುದು. ಪಾಲಿಸದಿದ್ದರೆ 7 ವರ್ಷದವರೆಗೆ ಜೈಲು. 2009ರಲ್ಲಿ ಬಂದ ನಿಯಮಗಳಲ್ಲಿ 16ನೆಯದು ಹೇಳುವುದು ಇಷ್ಟು: ದೂರು, ಅದರ ಮೇಲಿನ ಕ್ರಮ, ಎಲ್ಲ ಗುಟ್ಟಾಗಿರಬೇಕು. 2015ರ ಮಾರ್ಚ್‌ನಲ್ಲಿ ಶ್ರೇಯಾ ಸಿಂಘಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದವರಿಗೆ ಜೈಲು ಅನ್ನುತ್ತಿದ್ದ 66ಎ ಸೆಕ್ಷನ್ ಹೊಡೆದುಹಾಕಿತು, 69ಎ ಉಳಿಸಿತು. ಕಾರಣ ಬರೆದಿಡಬೇಕು, ಸಮಿತಿ ಪರಿಶೀಲಿಸಬೇಕು ಅನ್ನುವ ಷರತ್ತುಗಳು ಇವೆಯಲ್ಲ ಅನ್ನುವುದು ಕೋರ್ಟಿನ ಸಮಾಧಾನ.

ಈಗ ಪಕ್ಕದಲ್ಲೇ ಇನ್ನೊಂದು ದಾರಿ ತೆರೆದಿದೆ. ಸರ್ಕಾರ ಹೇಳಿದ್ದನ್ನು ತೆಗೆಯದ ಕಂಪನಿಗೆ ಕಾನೂನಿನ ರಕ್ಷಣೆ ಸಿಗುವುದಿಲ್ಲ ಅನ್ನುವ ಅದೇ ಕಾಯ್ದೆಯ 79(3)(ಬಿ) ಹಿಡಿದುಕೊಂಡು, ಗೃಹ ಸಚಿವಾಲಯ 2024ರಲ್ಲಿ ‘ಸಹಯೋಗ್’ ಅನ್ನುವ ಪೋರ್ಟಲ್ ಶುರು ಮಾಡಿತು. ಬೇರೆ ಬೇರೆ ಇಲಾಖೆ, ರಾಜ್ಯಗಳ ಪೊಲೀಸರು ಅದರ ಮೂಲಕ ಕಂಪನಿಗಳಿಗೆ ‘ಇದನ್ನು ತೆಗೆಯಿರಿ’ ಅಂತ ನೋಟಿಸ್ ಕಳಿಸಬಹುದು. ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ಕೋರ್ಟ್ ಅರ್ಜಿ ವಜಾ ಮಾಡಿತು. 2026ರ ಫೆಬ್ರವರಿಯಲ್ಲಿ ನಿಯಮ ಮತ್ತೆ ಬದಲಾಯಿತು: ಆದೇಶ ಬಂದ ಮೇಲೆ ತೆಗೆಯಲು ಮೊದಲು 36 ಗಂಟೆ ಇತ್ತು, ಈಗ 3 ಗಂಟೆ.

3 ಗಂಟೆಯಲ್ಲಿ ಏನಾಗುತ್ತದೆ ಹೇಳಿ? ಆದೇಶ ಓದಬೇಕು, ಭಾಷೆ ಗೊತ್ತಿರುವವರನ್ನು ಹುಡುಕಬೇಕು, ವಕೀಲರನ್ನು ಕೇಳಬೇಕು. ಬದಿಯಡ್ಕದ ಒಬ್ಬರು ಕನ್ನಡದಲ್ಲಿ ಬರೆದ ಪೋಸ್ಟನ್ನು ಗುರುಗ್ರಾಮದ ಆಫೀಸಿನಲ್ಲಿ ಓದಬಲ್ಲವರು ಆ ಹೊತ್ತಿಗೆ ಡ್ಯೂಟಿಯಲ್ಲಿ ಇರಬೇಕಲ್ಲ? ಇಲ್ಲದಿದ್ದರೆ ಮೊದಲು ತೆಗೆಯುವುದು, ಆಮೇಲೆ ನೋಡುವುದು. ಅವಧಿ ಕಡಿಮೆಯಾದಷ್ಟೂ ಮನುಷ್ಯರು ಯೋಚಿಸುವ ಜಾಗಕ್ಕೆ ಸಾಫ್ಟ್‌ವೇರ್ ಬರುತ್ತದೆ. ಮೊದಲು ಕಾನೂನು ವಿಭಾಗ ಮಾಡುತ್ತಿದ್ದ ತೀರ್ಮಾನಗಳು ಒಂದೊಂದಾಗಿ ಕೋಡಿನೊಳಗೆ ಹೋಗಿ ಕೂರುತ್ತಿವೆ.

ಆದರೆ ಕಂಪನಿಯೊಳಗೆ ಯಾರೂ ಬಂದು ‘ಸೆನ್ಸಾರ್ ಮಾಡು’ ಅನ್ನುವುದಿಲ್ಲ. ಸೋಮವಾರ ಕೆಲಸ ಹಂಚುವ ಸ್ಪ್ರಿಂಟ್ ಮೀಟಿಂಗ್‌ನಲ್ಲಿ ಒಂದು ಟಿಕೆಟ್, ಅಂದರೆ ಮಾಡಬೇಕಾದ ಕೆಲಸದ ಚೀಟಿ, ಬರುತ್ತದೆ. ಪೋಸ್ಟ್‌ಗಳ ಟೇಬಲ್‌ಗೆ ಒಂದು ಕಾಲಂ ಸೇರಿಸಿ, ಯಾವ ಯಾವ ಜಾಗದಲ್ಲಿ ತೋರಿಸಬಾರದು ಅನ್ನುವುದು ಅದರಲ್ಲಿರಲಿ. ಇನ್ನೊಬ್ಬರಿಗೆ ಬೇರೆ ಟಿಕೆಟ್: ಐಪಿ ವಿಳಾಸದಿಂದ ನೋಡುವವರ ದೇಶ, ರಾಜ್ಯ ಕಂಡುಹಿಡಿಯಿರಿ. ಮೂರನೆಯವರಿಗೆ ಅಡ್ಮಿನ್ ಪುಟದಲ್ಲಿ ಒಂದು ಬಟನ್. ನಾಲ್ಕನೆಯವರಿಗೆ, ಬಟನ್ ಒತ್ತಿದ ಕೂಡಲೇ ಹಳೆಯ ಕಾಪಿಗಳು ಎಲ್ಲ ಸರ್ವರ್‌ಗಳಿಂದ ಹೋಗುವ ಹಾಗೆ ಮಾಡುವ ಕೆಲಸ. ಬಿಡಿಬಿಡಿಯಾಗಿ ನೋಡಿದರೆ ಒಂದರಲ್ಲೂ ತಪ್ಪಿಲ್ಲ. ಯಾವ ಸಿನಿಮಾ ಯಾವ ದೇಶದಲ್ಲಿ ತೋರಿಸುವ ಹಕ್ಕಿದೆ ಅನ್ನುವ ಲೆಕ್ಕಕ್ಕೂ ಆ ಕಾಲಂ ಬೇಕಾಗುತ್ತದೆ. ನಾಲ್ಕೂ ಸೇರಿದ ದಿನ ಒಬ್ಬರ ಬರಹ ಮಾಯವಾಗುತ್ತದೆ. ಮಾಡಿದ್ದು ಯಾರು ಅಂದರೆ ನಾಲ್ಕೂ ಜನ ತಮ್ಮ ಟಿಕೆಟ್ ತೋರಿಸುತ್ತಾರೆ.

ನಮ್ಮ ಜಿಲ್ಲೆಗೆ ಈ ಲೆಕ್ಕಾಚಾರ ಹೊಸದಲ್ಲ. ಗೇರು ತೋಟಗಳ ಮೇಲೆ 20 ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದಾಗಲೂ ಹೀಗೇ ಆಗಿತ್ತು. ಔಷಧಿ ತಯಾರಿಸಿದವರು ಬೇರೆ, ಖರೀದಿಸಿದ ಪ್ಲಾಂಟೇಶನ್ ಕಾರ್ಪೊರೇಶನ್ ಬೇರೆ, ಹೆಲಿಕಾಪ್ಟರ್ ಹಾರಿಸಿದವರು ಬೇರೆ, ‘ಏನೂ ತೊಂದರೆ ಇಲ್ಲ’ ಅಂದ ತಜ್ಞರು ಬೇರೆ. ಎಲ್ಲರ ಕಾಗದಪತ್ರವೂ ಸರಿ ಇತ್ತು. ಎಣ್ಮಕಜೆಯ ಮನೆಗಳಲ್ಲಿ ಮಕ್ಕಳು ಮಾತ್ರ ಸರಿ ಇರಲಿಲ್ಲ. ಆ ಸರಪಳಿ ಮುರಿಯಲು ಶುರುವಾದದ್ದು ಕೆಲಸ ಗೊತ್ತಿದ್ದವರು ಬಾಯಿ ತೆರೆದಾಗ. ವಾಣಿನಗರದ ಡಾ. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಏನೋ ಹೆಚ್ಚುಕಡಿಮೆ ಇದೆ ಅಂತ ಗಮನಿಸಿ ಬರೆದರು. ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು, ವೈಮಾನಿಕ ಸಿಂಪಡಣೆಗೆ ತಡೆ ತಂದರು. ವಿಷಕ್ಕೂ ಒಂದು ಪೋಸ್ಟ್ ಮಾಯ ಮಾಡುವುದಕ್ಕೂ ಸಾಟಿ ಇಲ್ಲ, ನಿಜ. ಇಲ್ಲಿ ಹೋಲುವುದು ಕೆಲಸ ಹಂಚಿಕೊಂಡ ರೀತಿ. ಮತ್ತೆ, ಒಳಗಿದ್ದವರು ಮಾತಾಡಿದ್ದಕ್ಕೆ ಬಂದ ಬೆಲೆ.

ಹಾಗಾದರೆ ಎಂಜಿನಿಯರ್ ರಾಜೀನಾಮೆ ಬಿಸಾಕಿ ಬರಬೇಕಾ? ಚರ್ಚೆ ಬಹಳ ಬೇಗ ಅಲ್ಲಿಗೆ ಹೋಗಿಬಿಡುತ್ತದೆ. ನನಗೆ ಅದು ಅವಸರ ಅನಿಸುತ್ತದೆ. ‘ಮಾಡು’ ಮತ್ತು ‘ಬಿಟ್ಟು ಹೋಗು’ ಇವೆರಡರ ನಡುವೆ ದೊಡ್ಡ ಬಯಲೇ ಇದೆ, ಹೆಚ್ಚಿನ ಜವಾಬ್ದಾರಿ ಇರುವುದು ಅಲ್ಲೇ. ಸರ್ಕಾರದ ಆದೇಶದಲ್ಲಿ ‘ತಡೆಯಿರಿ’ ಅಂತ ಇರುತ್ತದೆ. ಹೇಗೆ ತಡೆಯಬೇಕು ಅನ್ನುವ ನೂರು ಸಣ್ಣ ತೀರ್ಮಾನಗಳು ಅದರಲ್ಲಿ ಇರುವುದಿಲ್ಲ. ಅವನ್ನು ಮಾಡುವುದು ಕೋಡ್ ಬರೆಯುವವರು.

ಒಂದನ್ನು ಹತ್ತಿರದಿಂದ ನೋಡಿ. ನೀವು ಒಂದು ಪುಟ ಕೇಳಿದಾಗ ಸರ್ವರ್ ಮೂರಂಕಿಯ ಸಂಖ್ಯೆಯೊಂದನ್ನು ಕಳಿಸುತ್ತದೆ. 200 ಅಂದರೆ ತಗೊಳ್ಳಿ. 404 ಅಂದರೆ ಅಂಥ ಪುಟ ಸಿಗಲಿಲ್ಲ. 403 ಅಂದರೆ ನಿಮಗೆ ಅನುಮತಿ ಇಲ್ಲ. ಸರ್ಕಾರದ ಆದೇಶದ ಮೇಲೆ ತಡೆದ ಪುಟಕ್ಕೆ ಯಾವ ಸಂಖ್ಯೆ? ಬಹಳ ಕಾಲ ಇದಕ್ಕೆ ಸರಿಯಾದ ಉತ್ತರವೇ ಇರಲಿಲ್ಲ. ಟಿಮ್ ಬ್ರೇ ಅನ್ನುವ ಎಂಜಿನಿಯರ್ ಇದಕ್ಕೆಂದೇ ಒಂದು ಸಂಖ್ಯೆ ಬೇಕು ಅಂತ ಹಿಡಿದು ಕೂತರು. ಇಂಟರ್ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 2016ರ ಫೆಬ್ರವರಿಯಲ್ಲಿ ಅದನ್ನು ಆರ್‌ಎಫ್‌ಸಿ 7725 ಅನ್ನುವ ಮಾನದಂಡದ ದಾಖಲೆಯಾಗಿ ಪ್ರಕಟಿಸಿತು. ಸಂಖ್ಯೆ 451: ಕಾನೂನಿನ ಕಾರಣಕ್ಕೆ ಇದನ್ನು ಕೊಡುತ್ತಿಲ್ಲ. ಯಾರು ತಡೆದಿದ್ದಾರೆ, ಯಾವ ಕಾನೂನಿನಡಿ, ಅಂತ ಓದುಗರಿಗೆ ಹೇಳಲೂ ಅದರಲ್ಲಿ ಜಾಗ ಇದೆ.

ಕೋಡಿನಲ್ಲಿ 404 ಬರೆಯುವುದಕ್ಕೂ 451 ಬರೆಯುವುದಕ್ಕೂ ಕಷ್ಟದಲ್ಲಿ ವ್ಯತ್ಯಾಸ ಇಲ್ಲ. ಓದುವವರಿಗೆ ಆಕಾಶ ಭೂಮಿ ವ್ಯತ್ಯಾಸ. 451 ನೋಡಿದವರು ವಕೀಲರ ಹತ್ತಿರ ಹೋಗಬಹುದು, ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಕಡೇಪಕ್ಷ ಬೈಯಬಹುದು. 404 ನೋಡಿದವರು ತಾವೇ ವಿಳಾಸ ತಪ್ಪು ಹಾಕಿದೆವು ಅಂದುಕೊಳ್ಳುತ್ತಾರೆ. ಇಲ್ಲಿ ಕೆಲವರು 16ನೇ ನಿಯಮ ತೋರಿಸುತ್ತಾರೆ, ಗುಟ್ಟಾಗಿಡಬೇಕಲ್ಲ ಅಂತ. ನನ್ನ ಓದು ಹೀಗೆ: ದೂರು ಮತ್ತು ಕ್ರಮವನ್ನು ಗುಟ್ಟಾಗಿಡು ಅನ್ನುವುದು ಒಂದು, ಪುಟವೇ ಇರಲಿಲ್ಲ ಅಂತ ಸುಳ್ಳು ಹೇಳು ಅನ್ನುವುದು ಇನ್ನೊಂದು. ಎರಡನೆಯದನ್ನು ಯಾವ ನಿಯಮವೂ ಕೇಳಿಲ್ಲ. ಟ್ವಿಟರ್ 2012ರಿಂದಲೇ, ಒಂದು ದೇಶದಲ್ಲಿ ತಡೆದ ಪೋಸ್ಟಿನ ಜಾಗದಲ್ಲಿ ‘ಇದನ್ನು ಈ ದೇಶದಲ್ಲಿ ತಡೆಹಿಡಿಯಲಾಗಿದೆ’ ಅಂತ ತೋರಿಸುವ ಪದ್ಧತಿ ತಂದಿತ್ತು. ಅಂದರೆ ಆಗದ ಕೆಲಸವೇನಲ್ಲ.

ಇದಕ್ಕಿಂತ ಕೆಟ್ಟದ್ದು, ಬರೆದವರಿಗೆ ಮಾತ್ರ ಪೋಸ್ಟ್ ಕಾಣುವ ಹಾಗೆ ಇಟ್ಟು ಉಳಿದವರಿಂದ ಮರೆಮಾಡುವುದು. ಬರೆದವರು ‘ಯಾರೂ ಲೈಕ್ ಕೊಟ್ಟಿಲ್ಲ, ಯಾಕೋ’ ಅಂತ ಕೂರುತ್ತಾರೆ. ಸ್ಪ್ಯಾಮ್ ಕಳಿಸುವವರ ಮೇಲೆ ಬಳಸಲು ಹುಟ್ಟಿದ ಉಪಾಯ ಇದು. ಮನುಷ್ಯರ ಮಾತಿನ ಮೇಲೆ ಹೂಡಿದರೆ ಮೋಸ.

ಎಷ್ಟು ಅಗಲ ತಡೆಯಬೇಕು ಅನ್ನುವುದೂ ಎಂಜಿನಿಯರಿಂಗ್ ಪ್ರಶ್ನೆಯೇ. 2003ರಲ್ಲಿ ಮೇಘಾಲಯದ ಒಂದು ಸಂಘಟನೆಯ ಯಾಹೂ ಗ್ರೂಪ್ ಒಂದನ್ನು ತಡೆಯಲು ಸರ್ಕಾರ ಹೇಳಿತು. ಇಂಟರ್ನೆಟ್ ಕಂಪನಿಗಳಿಗೆ ಒಂದೇ ಗ್ರೂಪ್ ತಡೆಯಲು ಬರಲಿಲ್ಲ, ಯಾಹೂ ಗ್ರೂಪ್ಸ್ ಪೂರ್ತಿ ಬಂದ್ ಮಾಡಿದರು. 2014ರ ಡಿಸೆಂಬರ್‌ನಲ್ಲಿ 32 ವಿಳಾಸಗಳನ್ನು ತಡೆಯುವ ಆದೇಶ ಬಂತು. ಅದರಲ್ಲಿ ಗಿಟ್‌ಹಬ್, ವಿಮಿಯೋ, ಇಂಟರ್ನೆಟ್ ಆರ್ಕೈವ್ ಎಲ್ಲ ಇದ್ದವು. ಭಯೋತ್ಪಾದಕರ ಬರಹ ಹುಡುಕಲು ಹೋಗಿ ದೇಶದ ಪ್ರೋಗ್ರಾಮರ್‌ಗಳ ಕೋಡ್ ಇಡುವ ಜಾಗವನ್ನೇ ಮುಚ್ಚಿದರು! ಕೆಲವು ದಿನಗಳಲ್ಲಿ ಒಂದೊಂದಾಗಿ ತೆರೆಯಬೇಕಾಯಿತು.

ಗಡಿಯ ಭಾಷೆಯವರಿಗೆ ಈ ಅಗಲದ ಪೆಟ್ಟು ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಕೇರಳಕ್ಕೆ ಅಂತ ಒಂದು ಬೈಗುಳದ ಫಿಲ್ಟರ್ ಮಾಡಿದರು ಅಂತಿಟ್ಟುಕೊಳ್ಳಿ. ಮಲಯಾಳದಲ್ಲಿ ‘ಪಟ್ಟಿ’ ಅಂದರೆ ನಾಯಿ, ಜಗಳದಲ್ಲಿ ಧಾರಾಳವಾಗಿ ಬರುವ ಮಾತು. ಅದನ್ನು ಪಟ್ಟಿಗೆ ಸೇರಿಸಿದರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ‘ಮತದಾರರ ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ’ ಅಂತ ಹಾಕಿದ ಮಂಜೇಶ್ವರದ ಪಂಚಾಯತ್ ಮೆಂಬರ್ ಸಿಕ್ಕಿಬೀಳುತ್ತಾರೆ. ನಮ್ಮಲ್ಲಿ ಒಂದೇ ಪೋಸ್ಟಿನಲ್ಲಿ ಕನ್ನಡ, ತುಳು, ಬ್ಯಾರಿ, ಮಲಯಾಳ ನಾಲ್ಕೂ ಇರುವುದುಂಟು. ಬೆಂಗಳೂರಿನ ತಂಡಕ್ಕೆ ಇದು ಹೊಳೆಯುವುದಿಲ್ಲ. ಪೆರ್ಲದಿಂದ ಕೆಲಸ ಮಾಡುವ ಹುಡುಗಿಗೆ ತಕ್ಷಣ ಹೊಳೆಯುತ್ತದೆ. ಹೊಳೆದದ್ದನ್ನು ಮೀಟಿಂಗ್‌ನಲ್ಲಿ ಹೇಳದೆ ಸುಮ್ನೆ ಕೂತರೆ ಆ ತಪ್ಪಿನಲ್ಲಿ ಅವಳದೂ ಪಾಲಿದೆ ಅಂತಲೇ ನಾನು ಹೇಳುವುದು.

ಜಾಗ ಗುರುತಿಸುವುದೂ ಅಷ್ಟೆ. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಗಲಾಟೆಯಾಗಿ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ದರು. ಫೋನ್ ಹಿಡಿಯುವ ಟವರಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ತಲಪಾಡಿ ಟೋಲ್‌ಗೇಟಿನ ಈಚೆಯವರ ಫೋನ್ ಆಚೆಯ ಟವರ್ ಹಿಡಿಯುವುದು ಇಲ್ಲಿ ದಿನನಿತ್ಯದ ಮಾತು. ಕೇರಳದ ಪೌರರ ಮೇಲೆ ಕರ್ನಾಟಕದ ಆದೇಶ ಜಾರಿಯಾಗುವುದು ಹೀಗೆ, ಒಂದು ಸಹಿಯೂ ಇಲ್ಲದೆ.

ಇನ್ನೊಂದು ವಿಷಯ, ಅವಧಿ. 2020ರ ನವೆಂಬರ್‌ನಲ್ಲಿ ಕೇರಳ ಸರ್ಕಾರ ಪೊಲೀಸ್ ಕಾಯ್ದೆಗೆ 118ಎ ಅಂತ ಸೇರಿಸಿ ಸುಗ್ರೀವಾಜ್ಞೆ ತಂದಿತು. ಮಾನಹಾನಿ ಮಾಡುವ ಪೋಸ್ಟಿಗೆ 3 ವರ್ಷದವರೆಗೆ ಜೈಲು. ಎಲ್ಲ ಕಡೆಯಿಂದ ಬೈಗುಳ ಬಿದ್ದು, ರಾಜ್ಯಪಾಲರ ಸಹಿಯಾದ ಎರಡೇ ದಿನದಲ್ಲಿ ಜಾರಿ ಮಾಡುವುದಿಲ್ಲ ಅಂತ ಮುಖ್ಯಮಂತ್ರಿ ಹೇಳಬೇಕಾಯಿತು. ಕಾಯ್ದೆ ಹೀಗೆ ಬಂದು ಹೀಗೆ ಹೋಗಬಹುದು. ಅದಕ್ಕೆಂದು ಕಟ್ಟಿದ ಫೀಚರ್ ಹೋಗುವುದಿಲ್ಲ. 2015ರಲ್ಲೇ ಸತ್ತ 66ಎ ಅಡಿಯಲ್ಲಿ ಪೊಲೀಸರು ಆಮೇಲೂ ಕೇಸು ಹಾಕುತ್ತಿದ್ದಾರೆ ಅಂತ ತಿಳಿದು 2021ರಲ್ಲಿ ಸುಪ್ರೀಂ ಕೋರ್ಟೇ ದಂಗಾಯಿತು. ಮನುಷ್ಯರಿಗೇ ಮರೆಯಲು ಇಷ್ಟು ಕಷ್ಟ, ಡೇಟಾಬೇಸಿಗೆ ಯಾರು ಹೇಳಬೇಕು? ಬ್ಲಾಕ್ ಆದ ಪ್ರತಿ ಸಾಲಿಗೂ ಆದೇಶದ ಸಂಖ್ಯೆ, ದಿನಾಂಕ, ಮರುಪರಿಶೀಲನೆಯ ದಿನ ಇಲ್ಲದೆ ಸೇವ್ ಆಗದ ಹಾಗೆ ಮಾಡುವುದು ಅರ್ಧ ದಿನದ ಕೆಲಸ. ಮಾಡುವವರು ಕಡಿಮೆ.

ತಡೆಯುವುದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಗುರುತಿಸುವ ಫೋಟೋಡಿಎನ್‌ಎ 2009ರಲ್ಲಿ ಬಂತು, ಅದನ್ನು ಕಟ್ಟಿದವರು ತಲೆ ಎತ್ತಿ ಓಡಾಡಬಹುದು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದ. ಆತ ಸಾಫ್ಟ್‌ವೇರ್ ಎಂಜಿನಿಯರ್. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಘೋಷಿಸಿತು. ಇದರಲ್ಲಿ ಯಾರ ಸಂದೇಶವನ್ನೂ ಓದಿಲ್ಲ, ಯಾರ ಬಾಯಿಯನ್ನೂ ಮುಚ್ಚಿಲ್ಲ, ಓಟವನ್ನು ನಿಧಾನ ಮಾಡಿದರು. ಮಿತಿ ಎಲ್ಲರಿಗೂ ಒಂದೇ, ಎಲ್ಲರ ಕಣ್ಣಿಗೂ ಕಾಣುತ್ತದೆ. ಇಂಥ ಉಪಾಯ ಯೋಚಿಸುವುದೂ ಎಂಜಿನಿಯರ್ ಕೆಲಸವೇ ಅಲ್ವಾ?

ಆದರೂ, ಯಾವ ತಿದ್ದುಪಡಿಯಿಂದಲೂ ಸರಿಯಾಗದ, ಕೈ ಹಾಕಲೇಬಾರದ ಕೆಲಸಗಳಿವೆ. ತಡೆಯುವುದರ ಜೊತೆಗೆ, ಹುಡುಕಿದವರು ಯಾರು ಅಂತ ಬರೆದಿಡುವ ಫೀಚರ್ ಬಂದರೆ ಅಲ್ಲಿ ಗೆರೆ ಎಳೆಯಬೇಕು. ಗೂಗಲ್ ಚೀನಾಕ್ಕೆ ಅಂತ ಗುಟ್ಟಾಗಿ ಕಟ್ಟುತ್ತಿದ್ದ ‘ಡ್ರಾಗನ್‌ಫ್ಲೈ’ ಸರ್ಚ್ 2018ರ ಆಗಸ್ಟ್‌ನಲ್ಲಿ ಬಯಲಾಯಿತು. ಮಾನವ ಹಕ್ಕು, ವಿದ್ಯಾರ್ಥಿ ಪ್ರತಿಭಟನೆ ಇಂಥ ಮಾತುಗಳು ತಡೆಯ ಪಟ್ಟಿಯಲ್ಲಿದ್ದವು. ಹುಡುಕಿದ್ದನ್ನು ಫೋನ್ ನಂಬರಿಗೆ ಜೋಡಿಸುವ ಮಾದರಿಯೂ ತಯಾರಾಗಿತ್ತು ಅಂತ ವರದಿಯಾಯಿತು. ಚೀನಾದಲ್ಲಿ ಅಂಥ ಮಾಹಿತಿ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಯಾಹೂ ಉದಾಹರಣೆ ಆಗಲೇ ಇತ್ತು. ಅದು ಕೊಟ್ಟ ವಿವರ ಬಳಸಿ ಶಿ ತಾವೊ ಅನ್ನುವ ಪತ್ರಕರ್ತನಿಗೆ 2005ರಲ್ಲಿ 10 ವರ್ಷ ಜೈಲಾಯಿತು.

‘ಎಂತ ಮಾಡುದು ಮಾರಾಯ್ರೆ, ನಾನು ಬಿಟ್ರೆ ಇನ್ನೊಬ್ಬ ಮಾಡ್ತಾನೆ’ ಅಂತ ಬದಿಯಡ್ಕದ ಪರಿಚಿತ ಹುಡುಗನೊಬ್ಬ ನನ್ನ ಹತ್ತಿರ ವಾದ ಮಾಡಿದ್ದಾನೆ. ಡ್ರಾಗನ್‌ಫ್ಲೈ ಕತೆ ಪೂರ್ತಿ ಓದಿದರೆ ಆ ವಾದ ಅಷ್ಟು ಗಟ್ಟಿ ಇಲ್ಲ. ಸುಮಾರು 1,400 ನೌಕರರು ಪತ್ರಕ್ಕೆ ಸಹಿ ಹಾಕಿದರು. ತಾವು ಏನು ಕಟ್ಟುತ್ತಿದ್ದೇವೆ ಅಂತ ತಿಳಿಯುವ ಹಕ್ಕು ಬೇಕು ಅನ್ನುವುದು ಅವರ ಮುಖ್ಯ ಬೇಡಿಕೆ. ಜ್ಯಾಕ್ ಪೌಲ್ಸನ್ ಅನ್ನುವ ಸಂಶೋಧಕ ಆಗಸ್ಟ್ ಕೊನೆಗೇ ಬಿಟ್ಟು ಹೊರಟರು. ಚೀನಾದ ಬಳಕೆದಾರರು ಹುಡುಕಿದ ಮಾತುಗಳ ಡೇಟಾವನ್ನು ತಮಗೆ ತಿಳಿಸದೆ ಬಳಸಿದ್ದಾರೆ ಅಂತ ಕಂಪನಿಯ ಪ್ರೈವಸಿ ತಂಡ ಜಗಳ ತೆಗೆಯಿತು, ಆ ಡೇಟಾ ಬಂದ್ ಆಯಿತು. 2019ರ ಜುಲೈಯಲ್ಲಿ ಯೋಜನೆ ಕೈಬಿಟ್ಟಿದ್ದೇವೆ ಅಂತ ಕಂಪನಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೇಳಿತು. ‘ಇನ್ನೊಬ್ಬ’ನೂ ಇಂಥದ್ದೇ ಮನುಷ್ಯ, ಅವನಿಗೂ ಪ್ರಶ್ನೆಗಳಿರುತ್ತವೆ. ಒಬ್ಬ ಕೇಳಿದರೆ ಅವನ ಬಾಯಿಯೂ ತೆರೆಯುತ್ತದೆ.

‘ಮೇಲಿನವರು ಹೇಳಿದರು, ಮಾಡಿದೆ’ ಅನ್ನುವುದು ಕೋರ್ಟಿನಲ್ಲೂ ಯಾವಾಗಲೂ ನಡೆಯುವುದಿಲ್ಲ. ಫೋಕ್ಸ್‌ವ್ಯಾಗನ್ ಕಾರುಗಳು ಹೊಗೆ ಪರೀಕ್ಷೆಯ ಹೊತ್ತಿಗೆ ಮಾತ್ರ ಒಳ್ಳೆಯ ನಡತೆ ತೋರಿಸುವ ಹಾಗೆ ಸಾಫ್ಟ್‌ವೇರ್ ಮಾಡಿದ್ದರಲ್ಲ, ಆ ಕೇಸಿನಲ್ಲಿ ಜೇಮ್ಸ್ ಲಿಯಾಂಗ್ ಅನ್ನುವ ಎಂಜಿನಿಯರಿಗೆ 2017ರಲ್ಲಿ ಅಮೆರಿಕದ ಕೋರ್ಟ್ 40 ತಿಂಗಳ ಜೈಲು ಕೊಟ್ಟಿತು. ಆತ ಕಂಪನಿಯ ಮಾಲೀಕನಲ್ಲ, ಸಂಬಳದ ನೌಕರ.

ಹಾಗಂತ ಎಲ್ಲರ ಹೆಗಲ ಮೇಲೂ ಒಂದೇ ಭಾರ ಹೊರಿಸುವುದು ನ್ಯಾಯ ಅಲ್ಲ. ಕಳೆದ ವರ್ಷ ಕಾಲೇಜು ಮುಗಿಸಿ, ಶಿಕ್ಷಣ ಸಾಲದ ಇಎಂಐ ಕಟ್ಟುತ್ತಿರುವ ಹುಡುಗಿಗೂ, 15 ವರ್ಷ ಅನುಭವದ ಸಾಫ್ಟ್‌ವೇರ್ ಆರ್ಕಿಟೆಕ್ಟಿಗೂ ವ್ಯತ್ಯಾಸ ಇದೆ. ನಾಲ್ಕು ಟಿಕೆಟ್‌ಗಳನ್ನು ಬೇರೆ ಬೇರೆ ಮಾಡಿ ಹಂಚಿದವನಿಗೆ ಪೂರ್ತಿ ಚಿತ್ರ ಗೊತ್ತಿತ್ತು, ಅವನ ಪಾಲು ದೊಡ್ಡದು. ಡಾಕ್ಟರರಿಗೆ, ವಕೀಲರಿಗೆ ನೋಂದಣಿ ಇದೆ, ಕೌನ್ಸಿಲ್ ಇದೆ, ‘ಇದು ನನ್ನ ವೃತ್ತಿ ನಿಯಮಕ್ಕೆ ವಿರುದ್ಧ’ ಅನ್ನಲು ಒಂದು ಪುಸ್ತಕ ಇದೆ. ಸಾಫ್ಟ್‌ವೇರ್ ಎಂಜಿನಿಯರಿಗೆ ನಮ್ಮ ದೇಶದಲ್ಲಿ ಅಂಥ ಯಾವುದೂ ಇಲ್ಲ. ಕಂಪ್ಯೂಟರ್ ವೃತ್ತಿಯವರ ಅಮೆರಿಕದ ಎಸಿಎಂ ಸಂಸ್ಥೆಯ 2018ರ ನೀತಿಸಂಹಿತೆ ಒಳ್ಳೆಯದೇ, ಬೆಂಗಳೂರಿನ ಎಚ್‌ಆರ್ ಅದನ್ನು ನೋಡಿ ನೌಕರಿ ಉಳಿಸುವುದಿಲ್ಲ. ಕರ್ನಾಟಕದಲ್ಲಿ ಕೆಐಟಿಯು ಅನ್ನುವ ಐಟಿ ನೌಕರರ ಸಂಘಟನೆ 2017ರಿಂದ ಇದೆ. ಸೇರುವುದಕ್ಕೆ ನಮ್ಮ ಹುಡುಗರು ಹೆದರುತ್ತಾರೆ. ಮನೆಯಿಂದ ಕೆಲಸ ಮಾಡುವವರಿಗಂತೂ ಊಟದ ಹೊತ್ತಿನಲ್ಲಿ ‘ನಿನಗೂ ಇಂಥ ಟಿಕೆಟ್ ಬಂತಾ’ ಅಂತ ಕೇಳಲು ಪಕ್ಕದ ಕುರ್ಚಿಯೇ ಇಲ್ಲ.

ಇಷ್ಟರ ನಡುವೆಯೂ ಹೊಸಬರಿಂದ ಆಗುವ ಒಂದು ಕೆಲಸ ಇದೆ. ಬಾಯಲ್ಲಿ ಹೇಳಿದ ಕೆಲಸ ಮಾಡದೆ, ಟಿಕೆಟ್‌ನ ಕಮೆಂಟಿನಲ್ಲಿ ಸಭ್ಯವಾಗಿ ಕೇಳುವುದು. ಯಾವ ಸೆಕ್ಷನ್ನಿನ ಯಾವ ಆದೇಶ? ಎಲ್ಲಿಯವರೆಗೆ? ತಡೆದ ಪುಟದಲ್ಲಿ ಏನಂತ ತೋರಿಸಬೇಕು? ಬರೆದವರಿಗೆ ತಿಳಿಸುವ ಮೆಸೇಜ್ ಯಾರು ಕೊಡುತ್ತಾರೆ? ಇವು ಪ್ರತಿಭಟನೆಯಲ್ಲ, ರಿಕ್ವೈರ್‌ಮೆಂಟ್ ಕೇಳುವುದು. ಕೆಲಸ ಗೊತ್ತಿರುವ ಯಾರೇ ಆದರೂ ಕೇಳಬೇಕಾದ ಪ್ರಶ್ನೆಗಳೇ. ಉತ್ತರ ಬಂದರೆ ಅದು ಬರಹದಲ್ಲಿ ಉಳಿಯುತ್ತದೆ, ನಾಳೆ ಕೋರ್ಟ್ ಕೇಳಿದಾಗ ಯಾರು ಏನು ಹೇಳಿದರು ಅನ್ನುವುದಕ್ಕೆ ದಾಖಲೆ. ಬಾರದಿದ್ದರೆ ಟಿಕೆಟ್ ಓಪನ್ ಆಗಿಯೇ ಇರುತ್ತದೆ, ಆಮೇಲೆ ಅದನ್ನು ಮುಚ್ಚಲು ಮ್ಯಾನೇಜರ್ ಹೆಸರು ಹಾಕಿಯೇ ಉತ್ತರ ಬರೆಯಬೇಕಾಗುತ್ತದೆ.